ಮೂರು ಸೀಟಿದ್ದರೆ ಎಷ್ಟು ಓಟು?

ಪ್ರಶ್ನೆ: ನಮ್ಮ ವಾರ್ಡಿನಿಂದ ಗ್ರಾಮ ಪಂಚಾಯಿತಿಗೆ ಮೂವರು ಮೆಂಬರು ಆರಿಸಿ ಬರಬೇಕು. ನಾನು ಒಬ್ಬರಿಗೆ ಮಾತ್ರ ಓಟು ಹಾಕಬೇಕಾ, ಮೂವರಿಗೂ ಹಾಕಬಹುದಾ?

ಮೂವರಿಗೂ ಹಾಕಬಹುದು. ನಿಮ್ಮ ಕ್ಷೇತ್ರದಲ್ಲಿ ಎಷ್ಟು ಸ್ಥಾನ ಇದೆಯೋ ನಿಮಗೆ ಅಷ್ಟು ಮತ. ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ. ಬೇಕಾದವರ ಹೆಸರಿನ ಮುಂದೆ ಮೂರು ಸಲ ಮುದ್ರೆ ಒತ್ತಿದರೆ ಮೂರು ಮತ ಆಗುವುದಿಲ್ಲ.

ಎಂಎಲ್ಎ, ಎಂಪಿ ಚುನಾವಣೆಯಲ್ಲಿ ಒಂದೇ ಮತ ಹಾಕಿ ರೂಢಿಯಾದವರಿಗೆ ಇಲ್ಲಿ ಗೊಂದಲ ಆಗುವುದು ಸಹಜ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಹಾಗಾಗಿ ಒಂದೇ ಕ್ಷೇತ್ರಕ್ಕೆ ಎರಡು, ಮೂರು ಸ್ಥಾನ ಇರುವುದು ಸಾಮಾನ್ಯ.

ಮೂರಕ್ಕಿಂತ ಜಾಸ್ತಿ ಜನರಿಗೆ ಒತ್ತಿದರೆ ಮಾತ್ರ ನಿಮ್ಮ ಮತಪತ್ರವೇ ತಿರಸ್ಕಾರ ಆಗುತ್ತದೆ. ಕಡಿಮೆ ಹಾಕಿದರೆ ತೊಂದರೆ ಇಲ್ಲ. ಇದನ್ನು ಬಲ್ಲ ಅಭ್ಯರ್ಥಿಗಳು "ನನಗೊಂದು ಒತ್ತಿ, ಉಳಿದದ್ದು ಬಿಟ್ಟುಬಿಡಿ" ಎಂದು ಕೇಳುವುದುಂಟು. ಉಳಿದ ಮತ ಎದುರಾಳಿಗೆ ಹೋಗದಿದ್ದರೆ ಅವರಿಗೆ ಲಾಭ. ನಿಮಗೇನು ಲಾಭ? ನಲ್ಲಿ ನೀರು, ಬೀದಿದೀಪ, ಚರಂಡಿ ಎಂದು ನಾಳೆ ನೀವು ಹೋಗುವುದು ಆ ಮೂವರ ಹತ್ತಿರವೇ ಅಲ್ವಾ? ಮೂರು ಮತವನ್ನೂ ಯೋಚಿಸಿ ಹಾಕಿ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮಹಿಳಾ ಸೀಟಿಗೆ ಹೆಂಗಸರು, ಪರಿಶಿಷ್ಟ ಜಾತಿ ಸೀಟಿಗೆ ಆ ಜಾತಿಯವರು ಮಾತ್ರ ಓಟು ಹಾಕಬೇಕು ಎಂದುಕೊಂಡವರಿದ್ದಾರೆ. ಹಾಗಿಲ್ಲ. ಮೀಸಲಾತಿ ನಿಲ್ಲುವವರಿಗೆ, ಓಟು ಹಾಕುವವರಿಗಲ್ಲ. ಕ್ಷೇತ್ರದ ಮತದಾರರೆಲ್ಲ ಎಲ್ಲ ಸ್ಥಾನಕ್ಕೂ ಮತ ಹಾಕಬಹುದು. ಆದರೆ ಮೀಸಲು ಸ್ಥಾನಕ್ಕೆ ಆ ವರ್ಗದವರೇ ಗೆಲ್ಲಬೇಕು. ಅದಕ್ಕೇ ಕೆಲವು ಸಲ 300 ಮತ ಪಡೆದವರು ಸೋತು, 200 ಪಡೆದವರು ಗೆದ್ದಂತೆ ಕಾಣುತ್ತದೆ. ಅದು ಎಣಿಕೆಯ ಮೋಸ ಅಲ್ಲ.

ಇಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಟೋ, ತೆಂಗಿನಕಾಯಿಯಂಥ ಗುರುತು ಕೊಡುತ್ತಾರೆ. ನಿಮ್ಮವರ ಗುರುತು ಯಾವುದು ಎಂದು ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಿ. ಅಧ್ಯಕ್ಷರನ್ನು ನಾವು ಆರಿಸುವುದಿಲ್ಲ, ಗೆದ್ದ ಸದಸ್ಯರು ಆರಿಸುತ್ತಾರೆ.

2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಚುನಾವಣೆಯಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಇತ್ತು. ಉಳಿದ ಕಡೆ ಕಾಗದದ ಮತಪತ್ರ. ಕಾಗದವಾದರೆ ಮುದ್ರೆಯನ್ನು ಅಭ್ಯರ್ಥಿಯ ಸಾಲಿನೊಳಗೇ ಒತ್ತಿ. ಇಬ್ಬರ ನಡುವಿನ ಗೆರೆಯ ಮೇಲೆ ಬಿದ್ದರೆ ಯಾರಿಗೆ ಎಂದು ತಿಳಿಯದೆ ಆ ಮತ ಸುಮ್ನೆ ಹಾಳಾಗುತ್ತದೆ. ಮಡಚುವ ಮೊದಲು ಶಾಯಿ ಒಂದಿಷ್ಟು ಆರಲಿ.