ಪದಬಂಧದ ಸುಳಿವು: ಎಲ್ಲಿ ಅರ್ಥ, ಎಲ್ಲಿ ಆಟ

ದೇಹಕ್ಕೊಂದು ಛಾವಣಿ ಹಾಕಿದರೆ ಅರಮನೆಗಳ ಊರು (3).

ಉತ್ತರ ಮೈಸೂರು. ದೇಹ ಅಂದರೆ ಮೈ, ಛಾವಣಿ ಅಂದರೆ ಸೂರು. ಎರಡನ್ನೂ ಕೂಡಿಸಿದರೆ ಅರಮನೆಗಳ ಊರು. ಆವರಣದಲ್ಲಿರುವ 3 ಎಂದರೆ ಉತ್ತರಕ್ಕೆ ಎಷ್ಟು ಚೌಕ ಬೇಕು ಅನ್ನೋ ಲೆಕ್ಕ.

ಗೂಢ ಸುಳಿವಿನ ಕಟ್ಟಡ ಇಷ್ಟೇ. ವಾಕ್ಯದ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥ ಇರುತ್ತದೆ. ಉಳಿದ ಭಾಗ ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟಿಕೊಡುತ್ತದೆ, ಅದೇ ಆಟ. ಇಡೀ ವಾಕ್ಯ ಓದಿದಾಗ ಕಣ್ಮುಂದೆ ಬರುವ ಚಿತ್ರ ಮಾತ್ರ ಬರೀ ಮೋಸ. ದೇಹ, ಛಾವಣಿ ಅಂದ ಕೂಡಲೇ ಮಳೆ, ಕೊಡೆ, ರೇನ್‌ಕೋಟ್ ಅಂತ ಯೋಚಿಸಲು ಹೊರಟರೆ ಸುಳಿವು ಕಟ್ಟಿದವರು ಗೆದ್ದಂತೆ. ಅದಕ್ಕೇ ಮೊದಲ ಕೆಲಸ, ವಾಕ್ಯವನ್ನು ಎಲ್ಲಿ ಮುರಿಯಬೇಕು ಅಂತ ಹುಡುಕುವುದು. (ಇಲ್ಲಿರುವ ಸುಳಿವುಗಳನ್ನೆಲ್ಲ ಈ ಟಿಪ್ಪಣಿಗೆಂದೇ ಕಟ್ಟಿದ್ದು.)

ಸ್ವಲ್ಪ ಇತಿಹಾಸ. ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅದರಲ್ಲಿದ್ದದ್ದು ನೇರ ಸುಳಿವುಗಳು. ಅದನ್ನು ತಲೆ ತಿನ್ನುವ ಆಟ ಮಾಡಿದ್ದು ಬ್ರಿಟನ್ನಿನವರು. ಅವರಲ್ಲಿ ಕ್ಸಿಮೆನೆಸ್ ಎಂಬ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ಡೆರಿಕ್ ಮ್ಯಾಕ್‌ನಟ್ 1966ರಲ್ಲಿ ಒಂದು ಪುಸ್ತಕವನ್ನೇ ಬರೆದು ನಿಯಮ ಹಾಕಿಕೊಟ್ಟರು: ಸುಳಿವಿನಲ್ಲಿ ಅರ್ಥ ಇರಬೇಕು, ಆಟ ಇರಬೇಕು, ಮೂರನೆಯದು ಏನೂ ಇರಬಾರದು. ಸುಮ್ನೆ ಕೂತ ಪದ ಒಂದೂ ಬೇಡ.

ಈ ನಿಯಮ ಕನ್ನಡಕ್ಕೂ ಸರಿಯೇ. ಆದರೆ ಇಂಗ್ಲಿಷಿನ ಆಟಗಳನ್ನು ಹಾಗೇ ತಂದು ಇಲ್ಲಿ ಆಡಲು ಆಗುವುದಿಲ್ಲ. ಕಾರಣ ಚೌಕ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಒಂಟಿ ಅಕ್ಷರ. ಕನ್ನಡದಲ್ಲಿ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಚೌಕ. ‘ಸ್ತ್ರೀ’ ಅಷ್ಟೂ ಒಂದರಲ್ಲೇ ಕೂರಬೇಕು. ಒಂದು ಪದದ ಅಕ್ಷರಗಳನ್ನು ಕಲಸಿ ಇನ್ನೊಂದು ಪದ ಮಾಡುವ ಆಟವನ್ನೇ ನೋಡಿ. ಲಿಸನ್, ಸೈಲೆಂಟ್ ಎರಡಕ್ಕೂ ಇಂಗ್ಲಿಷಿನಲ್ಲಿ ಅವೇ ಆರು ಅಕ್ಷರ, ಜಾಗ ಮಾತ್ರ ಬೇರೆ. ಕನ್ನಡ ಲಿಪಿಯಲ್ಲಿ ಬರೆದು ನೋಡಿ, ಒಂದಕ್ಕೊಂದು ಸಂಬಂಧವೇ ಇಲ್ಲ ಅಲ್ವಾ?

ಇನ್ನೊಂದು ತೊಡಕೂ ಇದೆ. ಬೇರೆ ಬೇರೆ ಆರು ಅಕ್ಷರಗಳನ್ನು 720 ರೀತಿ ಜೋಡಿಸಬಹುದು. ಮೂರನ್ನು ಬರೀ 6 ರೀತಿ. ನಮ್ಮ ಉತ್ತರಗಳು ಜಾಸ್ತಿ ಎರಡು, ಮೂರು, ನಾಲ್ಕು ಚೌಕದವು. ಹಾಗಾಗಿ ‘ಮದನ ಗಲಿಬಿಲಿಗೊಂಡರೆ ಹತ್ತಿಕ್ಕುವಿಕೆ (3)’ ಎಂದು ಕೊಟ್ಟರೆ ಕಾಫಿ ಆರುವ ಮೊದಲೇ ‘ದಮನ’ ಸಿಕ್ಕಿಬಿಡುತ್ತದೆ. ಅದನ್ನೇ ‘ಮನ್ಮಥ ಗಲಿಬಿಲಿಗೊಂಡರೆ’ ಎಂದು ಬದಲಾಯಿಸಿ. ಈಗ ಮನ್ಮಥನಿಂದ ಮದನ, ಮದನನಿಂದ ದಮನ, ಎರಡು ಹೆಜ್ಜೆ. ಇಂಗ್ಲಿಷ್ ಗೂಢ ಪದಬಂಧದಲ್ಲಿ ಇದು ಅನ್ಯಾಯ ಎಂದೇ ಲೆಕ್ಕ, ಕಲಸಬೇಕಾದ ಅಕ್ಷರಗಳು ಸುಳಿವಿನಲ್ಲೇ ಕಾಣಬೇಕು. ಕನ್ನಡದಲ್ಲಿ ಅದು ಅನ್ಯಾಯ ಅಲ್ಲ ಅನ್ನೋದು ನನ್ನ ವಾದ. ಇಲ್ಲಿ ನೇರವಾಗಿ ಕೊಟ್ಟರೆ ತೀರಾ ಸುಲಭ, ಬಳಸಿ ಕೊಟ್ಟರೆ ಹದ.

ಹಿಂದುಮುಂದು ಮಾಡುವ ಆಟಕ್ಕೂ ಇದೇ ಮಾತು. ಕಪಿ ತಿರುಗಿದರೆ ಪಿಕ. ಆದ್ದರಿಂದ ‘ಕೋತಿ ತಿರುಗಿ ಕೂತರೆ ಕೋಗಿಲೆ (2)’. ದಾಸ ತಿರುಗಿದರೆ ಸದಾ, ನದಿ ತಿರುಗಿದರೆ ದಿನ, ಹಿಮ ತಿರುಗಿದರೆ ಮಹಿ. ಗಮನಿಸಿ, ನದಿಯ ‘ದಿ’ ತನ್ನ ಗುಡಿಸನ್ನು ಹೊತ್ತುಕೊಂಡೇ ಮುಂದಕ್ಕೆ ಬರುತ್ತದೆ. ಸುಳಿವಿನಲ್ಲಿ ತಿರುಗು, ಮರಳು, ಉಲ್ಟಾ, ಹಿಮ್ಮುಖ ಇಂಥ ಪದ ಕಂಡರೆ ಅನುಮಾನ ಪಡಿ. ಮೇಲಿನಿಂದ ಕೆಳಕ್ಕೆ ಬರುವ ಪದವಾದರೆ ‘ತಲೆಕೆಳಗು’ ಬರಬಹುದು.

ಕನ್ನಡದ ನಿಜವಾದ ತಾಕತ್ತು ಇರುವುದು ನಾನಾರ್ಥದಲ್ಲಿ. ‘ಒಂಬತ್ತಾದ ಮೇಲೆ ಏರು (2)’: ಹತ್ತು. ‘ಹಾಲಿಗೆ ಹಾಕುವ ಚಾಲುಕ್ಯರ ರಾಜಧಾನಿ (3)’: ಬಾದಾಮಿ. ಕಾಡು, ಆಡು, ಅರಸು, ಹರಿ, ಕರಿ, ಯಾವುದನ್ನು ಮುಟ್ಟಿದರೂ ಕನಿಷ್ಠ ಎರಡು ಅರ್ಥ. ಒಂದು ನಾಮಪದ, ಇನ್ನೊಂದು ಕ್ರಿಯಾಪದ ಆದರಂತೂ ಸುಳಿವು ಕಟ್ಟುವವರಿಗೆ ಹಬ್ಬ. ‘ನೆರೆ’ ಪದಕ್ಕೆ ಮೂರು ಅರ್ಥ: ಪಕ್ಕ, ಪ್ರವಾಹ, ಬಿಳಿಕೂದಲು. ಮೂರನೆಯದು ಬಸವಣ್ಣನವರ ವಚನ ಓದಿದವರಿಗೆ ಥಟ್ಟನೆ ಹೊಳೆಯುತ್ತದೆ. ‘ಪಕ್ಕದ ಪ್ರವಾಹಕ್ಕೆ ಕೂದಲು ಬೆಳ್ಳಗಾಯಿತು (2)’ ಎಂದರೆ ಕ್ಸಿಮೆನೆಸ್ ಒಪ್ಪುತ್ತಿರಲಿಲ್ಲ, ವ್ಯಾಕರಣ ಸಡಿಲ. ನನಗಂತೂ ಬಿಡಲು ಮನಸ್ಸಿಲ್ಲ.

ಪದ ಒಡೆಯುವ ಆಟವೂ ನಮಗೆ ಚೆನ್ನಾಗಿ ಒಗ್ಗುತ್ತದೆ, ಊರ ಹೆಸರುಗಳೇ ಸಾಕು. ‘ಮೆಣಸಿನಕಾಯಿ ರುಚಿ, ಏಳು ದಿನ, ಕಡಲ ತೀರ (4)’: ಕಾರವಾರ. ಕಾರವೋ ಖಾರವೋ ಎಂದು ಜಗಳಕ್ಕೆ ಬರುವವರು ಇದ್ದೇ ಇರುತ್ತಾರೆ. ನಿಘಂಟಿನಲ್ಲಿ ಎರಡೂ ಉಂಟು, ಬಿಡಿ.

ಅಡಗಿಸಿಡುವ ಸುಳಿವು ಕಣ್ಣೆದುರೇ ಇದ್ದು ಕಾಡುತ್ತದೆ. ‘ಹೊಸ ಮನೆಯೊಳಗೆ ಎಲ್ಲರೂ ಒಂದೇ (2)’. ಎರಡು ಪದಗಳ ನಡುವಿನ ಜಾಗವನ್ನು ಮರೆತು ಓದಿ. ಹೊ, ಸ, ಮ, ನೆ. ಒಳಗೆ ಕೂತಿದೆ ‘ಸಮ’.

ಪತ್ರಿಕೆಯ ನೇರ ಸುಳಿವುಗಳಿಗೆ ಇವೆಲ್ಲ ಬೇಕಿಲ್ಲ, ಅಲ್ಲಿ ಪರ್ಯಾಯ ಪದ ಗೊತ್ತಿರಬೇಕು ಅಷ್ಟೇ. ಅದರಲ್ಲೂ ಒಂದು ಕೀಲಿಕೈ ಇದೆ. ನೀರಿಗೆ ಜಲ, ವಾರಿ, ಅಂಬು ಎಂಬ ಹೆಸರುಗಳಿವೆ. ಯಾವುದಕ್ಕಾದರೂ ‘ಜ’ ಸೇರಿಸಿ, ಕಮಲ: ಜಲಜ, ವಾರಿಜ, ಅಂಬುಜ. ‘ದ’ ಸೇರಿಸಿ, ಮೋಡ: ಜಲದ, ವಾರಿದ, ಅಂಬುದ. ‘ಧಿ’ ಸೇರಿಸಿ, ಸಮುದ್ರ: ಜಲಧಿ, ವಾರಿಧಿ, ಅಂಬುಧಿ. ಸುಳಿವು ‘ಸಮುದ್ರ (3)’ ಅಂತಿದ್ದರೆ ಕೊನೆಯ ಚೌಕದಲ್ಲಿ ಪೆನ್ಸಿಲ್ಲಿನಿಂದ ‘ಧಿ’ ಬರೆದಿಡಿ. ಅದು ‘ಸಾಗರ’ ಆಗಿರುವ ಅಪಾಯ ಇದ್ದೇ ಇದೆ, ಪೆನ್ನು ಬೇಡ ಅಂದದ್ದು ಅದಕ್ಕೇ.

ಅಭ್ಯಾಸಕ್ಕೆ ಮೂರು. ‘ಆನೆ ತಿರುಗಿ ನಿಂತರೆ ಲೋಕ (2)’. ‘ರಾಜಕಾರಣದ ಕೊನೆಯಲ್ಲಿ ಯುದ್ಧ (2)’. ‘ತಲೆ ಕಳೆದುಕೊಂಡ ಯುದ್ಧ ಒಂದು ವೃಕ್ಷ (2)’. ಮೊದಲನೆಯದಕ್ಕೆ ಆನೆಯ ಎರಡಕ್ಷರದ ಹೆಸರುಗಳನ್ನೆಲ್ಲ ಬರೆದುಕೊಳ್ಳಿ. ಕೊನೆಯದಕ್ಕೆ ಮೂರಕ್ಷರದ ಯುದ್ಧ ಬೇಕು. ‘ಕದನ’ದ ತಲೆ ತೆಗೆದರೆ ಮರ ಸಿಗುವುದಿಲ್ಲ, ಬೇರೆ ಯುದ್ಧ ಹುಡುಕಿ.