ಗುರುತ್ವದ ಅಲೆ ಹಿಡಿಯೋಕೆ ಗುಂಡೇ ಯಾಕೆ?

ಪ್ರಶ್ನೆ: ಗುರುತ್ವದ ಅಲೆಯ ಸದ್ದು ಕೇಳಲು ಲೋಹದ ಗುಂಡು ತೂಗುಹಾಕುತ್ತಾರಂತೆ. ಸರಳು ಸಾಲದೇ, ಗುಂಡೇ ಯಾಕೆ?

ಗುಂಡಿಗೆ ಆಮೇಲೆ ಬರುತ್ತೇನೆ. ಮೊದಲು ಆ ‘ಸದ್ದು’. ಎಷ್ಟು ಸಲ ಅಳಿಸಿದರೂ ಮುಂದಿನ ಪ್ರಶ್ನೆಯಲ್ಲಿ ಮತ್ತೆ ಹಾಜರ್!

ಸದ್ದು ಸಾಗಲು ಗಾಳಿಯೋ ನೀರೋ ಲೋಹವೋ ಬೇಕು. ಗುರುತ್ವದ ಅಲೆಗೆ ಯಾವುದೂ ಬೇಡ. ಅಲ್ಲಿ ಹಿಗ್ಗಿ ಕುಗ್ಗುವುದು ಜಾಗವೇ. ವೇಗವೂ ಬೆಳಕಿನದು. 2017ರ ಆಗಸ್ಟ್ 17ರಂದು, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಅಲೆ ನಮ್ಮನ್ನು ಮುಟ್ಟಿತು. 1.7 ಸೆಕೆಂಡಿನ ನಂತರ ಅದೇ ಡಿಕ್ಕಿಯ ಗಾಮಾ ಕಿರಣವೂ ಬಂತು, ಅದು ಒಂದು ಬಗೆಯ ಬೆಳಕೇ. ಸುಮಾರು 13 ಕೋಟಿ ವರ್ಷ ಎರಡೂ ಜೊತೆಗೇ ಓಡಿ ಬಂದಿದ್ದವು. ಸದ್ದು ಹೀಗೆ ಬೆಳಕಿನ ಜೊತೆ ಓಡುತ್ತದಾ? ಸಿಡಿಲು ಬಡಿದಾಗ ನೋಡಿಲ್ಲವೇ?

ಹಾಗಾದರೆ ಗುರುತ್ವದ ಅಲೆಯ ಸದ್ದು ಅಂತ ಟಿವಿಯಲ್ಲಿ ಕೇಳಿಸಿದ್ದೇನು? 2015ರಲ್ಲಿ ಸಿಕ್ಕ ಮೊದಲ ಅಲೆಯ ಕಂಪನ ಸೆಕೆಂಡಿಗೆ 35ರಿಂದ 250ಕ್ಕೆ ಏರಿತ್ತು. ನಮ್ಮ ಕಿವಿಗೆ ದಕ್ಕುವ ಸಂಖ್ಯೆಗಳು. ಸುಮ್ನೆ ಸ್ಪೀಕರಿಗೆ ಕೊಟ್ಟರು, ಅಷ್ಟೇ. ಆಸ್ಪತ್ರೆಯ ಮಾನಿಟರ್ ಬೀಪ್ ಅನ್ನುತ್ತೆ ಅಂತ ಎದೆಯೂ ಬೀಪ್ ಅನ್ನುತ್ತದಾ?

ಗುಂಡಿನೊಳಗಿನ ಮಿಡಿತವನ್ನು ಬೇಕಾದರೆ ಸದ್ದು ಅನ್ನಿ, ಜಗಳವಿಲ್ಲ. ಅಲೆ ಹಾಯುವಾಗ, ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ, ಗುಂಡನ್ನು ಒಂದು ಕಡೆ ಅಮುಕಿ ಇನ್ನೊಂದು ಕಡೆ ಎಳೆಯುತ್ತದೆ. ಮರುಗಳಿಗೆ ಅದೇ ಅದಲುಬದಲು. ಆ ಲಯ ಗುಂಡಿನ ಸ್ವಂತ ಶ್ರುತಿಗೆ ಕೂಡಿದರೆ ಲೋಹ ಮಿಡಿಯುತ್ತದೆ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದ್ದ ಮಿನಿಗ್ರೇಲ್ 68 ಸೆಂ.ಮೀ. ಅಗಲದ ತಾಮ್ರ-ಅಲ್ಯೂಮಿನಿಯಂ ಗುಂಡು. ತೂಕ ಟನ್ನಿಗಿಂತ ಜಾಸ್ತಿ, ಶ್ರುತಿ ಸೆಕೆಂಡಿಗೆ ಸುಮಾರು 2,900 ಕಂಪನ. ಬ್ರೆಜಿಲ್‌ನ ಮಾರಿಯೋ ಶೆನ್‌ಬರ್ಗ್ ಎಂಬ ಗುಂಡು ಅದರ ತಮ್ಮ, 65 ಸೆಂ.ಮೀ. ಬಿಸಿ ಇದ್ದರೆ ಲೋಹದ ಅಣುಗಳ ಕುಣಿತವೇ ಅಲೆಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ನಿರ್ವಾತದಲ್ಲಿಟ್ಟು, ಪರಮ ಶೂನ್ಯದ, ಅಂದರೆ ಅದಕ್ಕಿಂತ ತಣ್ಣಗೆ ಏನೂ ಆಗಲಾರದ ಮಟ್ಟದ, ಹತ್ತಿರಕ್ಕೆ ತಣಿಸುವುದು.

ಇನ್ನು ನಿಮ್ಮ ಸರಳು. 1960ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರ್ ಬಳಸಿದ್ದು ಅದನ್ನೇ, ಅಲ್ಯೂಮಿನಿಯಂ ಸಿಲಿಂಡರ್. ಆದರೆ ಉದ್ದಕ್ಕೇ ನೇರ ಬಂದ ಅಲೆಗೆ ಸರಳು ಕಿವುಡು. ಗುಂಡಿಗೆ ಉದ್ದವೂ ಇಲ್ಲ, ಅಡ್ಡವೂ ಇಲ್ಲ. ಅದು ಮೊಟ್ಟೆಯಾಕಾರಕ್ಕೆ ಐದು ಬಗೆಯಲ್ಲಿ ಮಿಡಿಯುತ್ತದೆ. ಮೈಮೇಲೆ ಆರು ಸೆನ್ಸರ್ ಕೂರಿಸಿ ಐದನ್ನೂ ಅಳೆದರೆ ಅಲೆ ಯಾವ ಗೆರೆಯಲ್ಲಿ ಬಂತೆಂದು ಗೊತ್ತಾಗುತ್ತದೆ. ಆ ಗೆರೆಯ ಯಾವ ತುದಿಯಿಂದ ಅನ್ನುವುದನ್ನು ಮಾತ್ರ ಒಂದೇ ಗುಂಡು ಹೇಳಲಾರದು.

ಗುಂಡು ಏನಾದರೂ ಹಿಡಿಯಿತಾ? ಇಲ್ಲ. ಗೆದ್ದದ್ದು ಅಮೆರಿಕದ ಲೈಗೋ, 4 ಕಿ.ಮೀ. ಉದ್ದದ ತೋಳುಗಳಲ್ಲಿ ಲೇಸರ್ ಹಾಯಿಸಿ ಅಲೆ ಅಳೆಯುವ ಯಂತ್ರ.

ಬೆಳಕೂ ತಪ್ಪಿಸಿಕೊಳ್ಳಲಾರದ ಕಪ್ಪುಕುಳಿಗೂ ಶ್ರುತಿ ಇದೆಯಾ? ಯಾರೂ ಕೇಳಲಿಲ್ಲ, ಆದರೂ ಹೇಳದೆ ಬಿಡಲಾರೆ. ವೆಬರ್ ಇದ್ದ ಅದೇ ಮೇರಿಲ್ಯಾಂಡ್‌ನಲ್ಲಿ ಪಿಎಚ್‌ಡಿ ಮಾಡಿದವರು ನಮ್ಮ ಬೆಂಗಳೂರಿನ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ. ಕಪ್ಪುಕುಳಿಯನ್ನು ಕೆಣಕಿದರೆ ಅದೂ ತನ್ನದೇ ಶ್ರುತಿಯಲ್ಲಿ ಮಿಡಿದು ಬೇಗ ಸುಮ್ಮನಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದರು. 2015ರ ಅಲೆ ಎದ್ದದ್ದು ಎರಡು ಕಪ್ಪುಕುಳಿಗಳು ಕೂಡಿದಾಗ. ಅದರ ಬಾಲದಲ್ಲಿ ಕಂಡದ್ದು ಅಂಥದೇ ಮಿಡಿತ. 2016ರ ಫೆಬ್ರವರಿಯಲ್ಲಿ ಆ ಸುದ್ದಿ ಬಂದಾಗ ಅವರಿದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.