ಅಗೆತ ಬೇರೆ, ಉತ್ಖನನ ಬೇರೆ

ಬಾವಿ ತೋಡುತ್ತೇವೆ, ಪಾಯ ತೆಗೆಯುತ್ತೇವೆ, ಶೇಂಗಾ ಕೀಳುತ್ತೇವೆ. ಎಲ್ಲವೂ ಮಣ್ಣಿನ ಕೆಲಸವೇ. ಆದರೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಂಥ ಹಳೇ ಕಾಲದ ನೆಲೆಯ ಮಾತು ಬಂದರೆ ಮಾತ್ರ ‘ಉತ್ಖನನ’ ಅನ್ನುತ್ತೇವೆ, ಅಲ್ವಾ?

‘ಖನನ’ ಅಂದರೆ ಅಗೆಯುವುದು. ಖನಿಜ ಅದೇ ಬೇರಿನ ಪದ. ನಮ್ಮ ‘ಗಣಿ’ ಕೂಡ ‘ಖನಿ’ಯಿಂದಲೇ ಬಂತು. ಮುಂದಿರುವ ‘ಉತ್’ ಅಂದರೆ ಮೇಲಕ್ಕೆ. ಒಳಗಿರುವುದನ್ನು ಅಗೆದು ಮೇಲಕ್ಕೆ ತರುವುದು ಉತ್ಖನನ. ಸಾವಿನ ತನಿಖೆಗೆ ಮ್ಯಾಜಿಸ್ಟ್ರೇಟರು ಹೂತ ದೇಹವನ್ನು ತೆಗೆಸಿದಾಗ ಮಾತ್ರ ನಾವು ‘ಶವ ಹೊರತೆಗೆದರು’ ಎಂದು ನೇರವಾಗಿ ಹೇಳುತ್ತೇವೆ. ಅದೇ ಸರಿ ಅನಿಸುತ್ತದೆ. ಆ ಮನೆಯವರ ನೋವಿಗೆ ದೊಡ್ಡ ಪದ ಬೇಡ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೇಲೆ ಬಂದದ್ದೂ ಮನುಷ್ಯರ ಮೂಳೆಗಳೇ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಕಬ್ಬಿಣ ಯುಗದ ಕಲ್ಲುಗೋರಿಗಳನ್ನು ಬಿಡಿಸಿದರು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪೆಟ್ಟಿಗೆ. ಪೂರ್ವದ ಚಪ್ಪಡಿಯಲ್ಲಿ ದುಂಡಗಿನ ಕಂಡಿ. ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಜೊತೆಗೆ ಒಬ್ಬರಿಗಿಂತ ಜಾಸ್ತಿ ಜನರ ಬಿಡಿ ಮೂಳೆಗಳು. ದೇಹವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆ ಆಯ್ದು ತಂದಿಟ್ಟಿದ್ದರು. ಎಷ್ಟು ಅಕ್ಕರೆಯ ಕೆಲಸ ಅದು!

ಇದೆಲ್ಲ ತಿಳಿದದ್ದು ಯಾವುದು ಎಲ್ಲಿತ್ತು ಎಂದು ನೋಡಿಕೊಂಡು ತೆಗೆದಿದ್ದರಿಂದ. ಗುಂಡಿಯ ಗೋಡೆಯನ್ನು ನೆಟ್ಟಗೆ ಕತ್ತರಿಸಿದರೆ ಮಣ್ಣು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಬೂದಿಯ ಪಟ್ಟೆ, ಕೆಮ್ಮಣ್ಣು, ಮಡಕೆ ಚೂರು ತುಂಬಿದ ಪದರ. ಕದಡದೆ ಹೋದರೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ಅದಕ್ಕೇ ಗುದ್ದಲಿ ಬದಿಗಿಟ್ಟು ಕರಣೆ, ಬ್ರಷ್ ಹಿಡಿಯುತ್ತಾರೆ. ಪದರಕ್ಕೊಂದು ನಂಬರ್, ಚೂರಿಗೊಂದು ಚೀಟಿ.

ಚಂದ್ರವಳ್ಳಿಯಲ್ಲಿ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ಆತ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾದರೆ ಅಂಥ ನಾಣ್ಯ ಬಿದ್ದ ಪದರ ಕ್ರಿ.ಶ. 14ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಜೊತೆಗೆ ಬಿದ್ದಿರುವ ಮಡಕೆ ಚೂರುಗಳಿಗೂ ಒಂದು ಕಾಲ ಸಿಕ್ಕಿತು.

ನಿಧಿಗಳ್ಳರ ಸುದ್ದಿ ಓದಿದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ರಾತ್ರೋರಾತ್ರಿ ಅಗೆದು ಅದೇ ನಾಣ್ಯ ಎತ್ತಿಕೊಂಡು ಹೋದರೆ ಅವರ ಕೈಲಿ ಉಳಿಯುವುದು ಸುಮ್ನೆ ಒಂದು ಚೂರು ಬೆಳ್ಳಿ. ಪದರಗಳು ಕಲಸಿಹೋಗಿರುತ್ತವೆ. ಆ ಗುಂಡಿಯನ್ನು ಮತ್ತೆ ಯಾರೂ ಓದಲಾರರು.